ಎರಡನೇ ಸಲ ಕೇಳದ ನೀಲಕ್ಕ

ನೀಲಕ್ಕ ಚಹಾ ಬೇಕೇ ಎಂದು ಒಂದೇ ಸಲ ಕೇಳುತ್ತಿದ್ದರು. ನಮ್ಮ ಹುಬ್ಬಳ್ಳಿ-ಧಾರವಾಡದ ಕಡೆ ಇದು ಸಣ್ಣ ವಿಷಯವಲ್ಲ. ಇಲ್ಲಿ ಮೊದಲ ಸಲ ಕೇಳಿದಾಗ ‘ಬ್ಯಾಡ್ರಿ, ಈಗಷ್ಟ ಆತು’ ಎನ್ನಬೇಕು. ಮತ್ತೆ ಕೇಳಿದಾಗ ‘ಸುಮ್ನ ಯಾಕ ತ್ರಾಸ ತಗೋತೀರಿ’ ಎನ್ನಬೇಕು. ಮೂರನೆಯ ಸಲಕ್ಕೆ ‘ಹಂಗಾದ್ರ ಅರ್ಧಾ ಕಪ್ ಕೊಡ್ರಿ’ ಎಂದು ಸೋತವರಂತೆ ಪೂರ್ತಿ ಕಪ್ಪು ಕುಡಿಯಬೇಕು. ಇಷ್ಟು ನಡೆಯದಿದ್ದರೆ ಕರೆದವರಿಗೂ ಮರ್ಯಾದೆಯಿಲ್ಲ, ಬಂದವರಿಗೂ ಇಲ್ಲ. ನೀಲಕ್ಕನ ಮನೆಯಲ್ಲಿ ಮಾತ್ರ ಬೇಡ ಎಂದರೆ ಬೇಡ. ಮುಗದ ಎಂಬ ಹಳ್ಳಿಯಿಂದ ಬಸ್ಸು ಹಿಡಿದು ಬಂದ ಅವರ ಸ್ವಂತ ಸೋದರಮಾವ ಒಮ್ಮೆ ಹೀಗೆ ಉಪ್ಪಿಟ್ಟು ಬೇಡವೆಂದು, ಅದರ ವಾಸನೆ ಕುಡಿಯುತ್ತ ಕೂತು, ಹಸಿದುಕೊಂಡೇ ಊರಿಗೆ ಮರಳಿದ್ದರಂತೆ. ಅದನ್ನು ಹೇಳುವಾಗ ನೀಲಕ್ಕನ ಮುಖದಲ್ಲಿ ಪಶ್ಚಾತ್ತಾಪದ ಸುಳಿವೂ ಇರುತ್ತಿರಲಿಲ್ಲ. “ಹಸದಿದ್ರ ಹೇಳಬೇಕ. ಬಾಯಿ ಇಲ್ಲೇನ?”

ಹುಬ್ಬಳ್ಳಿಯ ಉಣಕಲ್ಲಿನಲ್ಲಿ ನಾವು ಕೆಳಗಿನ ಮನೆಯಲ್ಲಿ ಬಾಡಿಗೆಗಿದ್ದೆವು, ನೀಲಕ್ಕ ಮೇಲಿನದರಲ್ಲಿ. ಅವರಿಗೆ ಮದುವೆಯಾಗಿರಲಿಲ್ಲ. ಒಂದು ಕಾರ್ಖಾನೆಯ ಸಿಬ್ಬಂದಿ ವಿಭಾಗದಲ್ಲಿ ಕಾರಕೂನಿಕೆ ಮಾಡಿ ನಿವೃತ್ತರಾಗಿದ್ದರು. ನೌಕರಿ ಕೇಳಿಕೊಂಡು ಬಂದವರನ್ನು ಒಳಗೆ ಕಳಿಸುವುದು, ಸಾಹೇಬರ ಪಕ್ಕ ಕೂತು ಬಂದವರ ಉತ್ತರ ಬರೆದುಕೊಳ್ಳುವುದು ಅವರ ಕೆಲಸವಾಗಿತ್ತು. ಎದುರಿನವರನ್ನು ಅಳೆಯುವ ಆ ನೋಟ ಅವರ ಕಣ್ಣಲ್ಲಿ ಉಳಿದುಬಿಟ್ಟಿತ್ತು. ಹಾಲು ಹಾಕುವವನೂ ಅವರೆದುರು ಅಂಗಿಯ ಗುಂಡಿ ಸರಿಮಾಡಿಕೊಳ್ಳುತ್ತಿದ್ದ.

ನಾನು ಅವರ ಕೈಗೆ ಸಿಕ್ಕಿದ್ದು ನಲವತ್ತು ದಾಟಿ ತಲೆ ನರೆತ ಮೇಲೆ. ನಾನು ಲೆಕ್ಕ ಬರೆಯುತ್ತಿದ್ದ ಬೀಜದ ಕಂಪನಿ ಬಾಗಿಲು ಹಾಕಿತು. ಬೇರೆ ನೌಕರಿ ಸಿಗದಿದ್ದರೆ ಗದಗಿನಲ್ಲಿ ಹೆಂಡತಿಯ ತಮ್ಮನ ಹಾರ್ಡ್‌ವೇರ್ ಅಂಗಡಿ ನನಗಾಗಿ ಕಾದಿತ್ತು. ಅವನು ಒಳ್ಳೆಯವನೇ. ಆದರೆ ‘ಮಾಮಾ’ ಎಂದು ಬಾಯಿತುಂಬ ಕರೆಯುತ್ತಲೇ ನನ್ನ ಕೈಯಲ್ಲಿ ಮೊಳೆ ತೂಗಿಸುತ್ತಾನೆಂಬುದರಲ್ಲಿ ನನಗೆ ಅನುಮಾನವಿರಲಿಲ್ಲ. ಹತ್ತನೆಯ ಇಯತ್ತೆಯ ಮಗಳನ್ನು ನಡುವರ್ಷ ಶಾಲೆ ಬಿಡಿಸಬೇಕಾಗುತ್ತಿತ್ತು. ಚಿಂತೆ ಮಾಡುವುದರಲ್ಲಿ ನನಗೆ ಮೊದಲೇ ಒಳ್ಳೆಯ ಅನುಭವವಿದೆ. ಆಗ ಅದನ್ನೇ ಪೂರ್ಣಾವಧಿ ಉದ್ಯೋಗ ಮಾಡಿಕೊಂಡೆ.

ಮೊದಲ ಸಂದರ್ಶನ ಕೆಟ್ಟಿತು. ಮರಳಿ ಬರುವಾಗ ನೀಲಕ್ಕ ಮೆಟ್ಟಿಲ ಬಳಿಯೇ ತಡೆದರು.

“ಏನ್ ಕೇಳಿದ್ರು, ಬಸು?”

“ವಿಭಾಗ ಸಂಭಾಳಸ್ತೀರೇನ್ ಅಂತ ಕೇಳಿದ್ರರಿ.”

“ನೀ ಏನಂದಿ?”

“ನಮ್ಮಂಥವರ ಕಡಿಂದ ಏನಾಗ್ತದ್ರಿ, ನನಕಿಂತ ಛಲೋದವರು ಇರ್ತಾರ ಅಂದೆ.”

“ಅವರೇನಂದ್ರು?”

“ಥ್ಯಾಂಕ್ಸ್ ಅಂದ್ರು.”

“ಮತ್ತ? ಛಲೋದವರನ್ನ ಹುಡಕಾಕ ಹೋಗ್ಯಾರ. ನೀನ ಹೇಳಿದ್ಯಲ್ಲ.”

ಅದು ಮರ್ಯಾದೆಗೆ ಆಡಿದ ಮಾತು, ಅವರು ಇನ್ನೊಮ್ಮೆ ಕೇಳಿದ್ದರೆ ಹೂಂ ಎನ್ನುತ್ತಿದ್ದೆ ಎಂದು ವಿವರಿಸಿದೆ. ನೀಲಕ್ಕ ಕಣ್ಣು ಮುಚ್ಚಿ ತೆರೆದರು. “ನಾಳೆ ಮುಂಜಾನೆ ಏಳಕ್ಕ ಮ್ಯಾಲ ಬಾ.”

ಮುಂದಿನ ದಿನಗಳನ್ನು ನೆನೆದರೆ ಈಗಲೂ ಹಲ್ಲು ಕಡಿಯುತ್ತೇನೆ. ಬಾಗಿಲು ತೆರೆದೇ ಇದ್ದರೂ ಬಡಿಯಬೇಕು. ‘ಬರ್ರಿ’ ಎಂದ ಮೇಲೆಯೇ ಒಳಗೆ. ತಪ್ಪಿದರೆ ಕೆಳಗಿಳಿದು ಮತ್ತೆ ಹತ್ತಬೇಕು. ನಾನು ತೆರಿಗೆಯ ಕಲಮುಗಳನ್ನು, ಸವಕಳಿಯ ಲೆಕ್ಕವನ್ನು, ಇರಲಿ ಎಂದು ರಾಜ್ಯಪಾಲರ ಹೆಸರನ್ನೂ ಬಾಯಿಪಾಠ ಮಾಡಿಕೊಂಡು ಹೋಗುತ್ತಿದ್ದೆ. ಅವರು ಅವುಗಳಲ್ಲಿ ಒಂದನ್ನೂ ಕೇಳಲಿಲ್ಲ. ಗಿರಮಿಟ್ಟಿನ ತಾಟು ಮುಂದಿಟ್ಟು, “ಏನ್ ಬರ್ತದ ನಿನಗ?” ಎನ್ನುತ್ತಿದ್ದರು. “ಅಷ್ಟೇನ್ ಬರೂದಿಲ್ರಿ, ಏನೋ ಸ್ವಲ್ಪ…” ಎನ್ನುವಷ್ಟರಲ್ಲಿ ತಾಟು ಒಳಗೆ ಹೋಗುತ್ತಿತ್ತು. ಚುರುಮುರಿಯ ಮೇಲೆ ಹಸಿ ಉಳ್ಳಾಗಡ್ಡಿ ಉದುರಿಸಿ ಪುಠಾಣಿ ಹಿಟ್ಟು ಹಾಕಿದ ಗಿರಮಿಟ್ಟು.

“ನೀಲಕ್ಕಾರ, ಅದು ಮಾತಿಗೆ ಅಂದದ್ದರಿ.”

“ನಾನೂ ಮಾತಿಗೇ ಒಳಗ ಇಟ್ಟೇನಿ.”

ಕೆಳಗೆ ಬಂದು ತಿಂಡಿ ಕೇಳಿದರೆ ಹೆಂಡತಿ ಶೈಲಾ ಆಗಲೇ ಅವರ ಪಕ್ಷ ಸೇರಿಯಾಗಿತ್ತು. “ಮ್ಯಾಲ ಆಗ್ತದಂತ ನಾ ಏನೂ ಮಾಡಿಲ್ರಿ. ಇವತ್ತರ ನೆಟ್ಟಗ ಉತ್ತರಾ ಹೇಳಿ ತಿಂದ ಬರಬೇಕಿಲ್ಲೋ?” ಗಂಡನ ಭವಿಷ್ಯಕ್ಕಾಗಿ ಹೆಂಗಸರು ಉಪವಾಸ ಮಾಡುವುದನ್ನು ಕೇಳಿದ್ದೆ. ನನ್ನ ಮನೆಯಲ್ಲಿ ಅದನ್ನೂ ನನ್ನಿಂದಲೇ ಮಾಡಿಸಿದರು.

ಒಂದು ಮುಂಜಾನೆ ತಲೆ ಕೆಟ್ಟಿತು. “ಲೆಕ್ಕ ಬರ್ತದ್ರಿ ನನಗ,” ಎಂದು ಒದರಿದೆ. “ಆಡಿಟ್‌ನಾಗ ಇವತ್ತಿನ ತನಕ ಒಂದ ತಕರಾರ ಬಂದಿಲ್ಲ. ಅಲ್ಲಿದ್ದವರೊಳಗ ನಾನ ಛಲೋ ಮಾಡ್ತಿದ್ದೆ.” ಮಾತು ಮುಗಿದೊಡನೆ ಬೆತ್ತಲೆ ನಿಂತಂತಾಯಿತು. ಓಣಿಯಲ್ಲಿ ಯಾರಾದರೂ ಕೇಳಿಸಿಕೊಂಡರೇನೋ ಎಂದು ಕಿಟಕಿಯ ಕಡೆ ನೋಡಿದೆ.

“ಇದರಾಗ ಸುಳ್ಳು ಯಾವುದು?” ಎಂದರು ನೀಲಕ್ಕ.

ಹುಡುಕಿದೆ. ಇರಲಿಲ್ಲ.

“ಹಂಗಾದ್ರ ನಾಚಿಕಿ ಯಾಕ? ತಿನ್ನು.”

ಧಾರವಾಡದ ಆಚೆ ಅಡುಗೆ ಎಣ್ಣೆ ತುಂಬುವ ಒಂದು ಕಾರ್ಖಾನೆಯಿಂದ ಕರೆ ಬಂತು. ಲೆಕ್ಕ ವಿಭಾಗದ ಮುಖ್ಯಸ್ಥನ ಹುದ್ದೆ. ಎದುರಿಗೆ ಮೂವರು ಕೂತಿದ್ದರು. ಜವಾನ ಅವರಿಗೆಂದು ಮೂರು ಕಪ್ಪು ಚಹಾ ತಂದ. ನೀಲಕ್ಕನ ತರಬೇತಿ ನನ್ನ ಮೈಯಲ್ಲಿ ಎಷ್ಟು ಇಳಿದಿತ್ತೆಂದರೆ, ಯಾರೂ ಕೇಳುವ ಮೊದಲೇ ಒಂದು ಕಪ್ಪು ಎತ್ತಿಕೊಂಡುಬಿಟ್ಟೆ. ಅದು ಮಾಲೀಕರದು. ಉಳಿದಿಬ್ಬರು ತಮ್ಮವನ್ನು ಎತ್ತಿಕೊಂಡ ಮೇಲೆ ಅವರು ಖಾಲಿ ತಟ್ಟೆಯನ್ನೂ ನನ್ನನ್ನೂ ನೋಡಿದರು. ನನ್ನ ಕಣ್ಣ ಮುಂದೆ ಗದಗಿನ ತಕ್ಕಡಿ ತೂಗಾಡಿತು.

“ಎಲ್ಲಾ ನಿಮ್ಮ ಮ್ಯಾಲ ಬಿಟ್ರ ನಡಸ್ತೀರೇನ್ರಿ?” ಎಂದರು ಮಾಲೀಕರು.

‘ನಮ್ಮಂಥವರ ಕಡಿಂದ’ ಎಂಬುದು ಗಂಟಲ ತನಕ ಬಂದಿತ್ತು. ಬಿಸಿ ಚಹಾದೊಡನೆ ನುಂಗಿದೆ. “ನಡಸ್ತೇನ್ರಿ.”

ಆಮೇಲಿನ ಮೌನವನ್ನು ತುಂಬದೆ ಕೂರುವುದೇ ನನ್ನ ಜೀವನದ ಅತಿ ಕಠಿಣ ಕೆಲಸವಾಗಿತ್ತು.

“ನಮ್ಮ ಕಡೆಯವರ ಬಾಯಾಗ ಇಷ್ಟ ಸಣ್ಣ ಉತ್ತರಾ ಕೇಳಿ ಭಾಳ ದಿನಾ ಆಗಿತ್ತು,” ಎಂದು ಮಾಲೀಕರು ನಕ್ಕು, ತಮಗೊಂದು ಚಹಾ ತರಿಸಿಕೊಂಡರು.

ನೌಕರಿ ಸಿಕ್ಕಿತು. ಪೇಢೆ ಒಯ್ದು ಕೊಟ್ಟರೆ ನೀಲಕ್ಕ, “ಆತಲ್ಲ. ಇನ್ನ ಮುಂಜಾನೆ ನನಗ ನಿದ್ದಿ ಮಾಡಾಕ ಬಿಡು,” ಎಂದರು. ಕರೆದವರು ತಾವೇ ಎಂಬುದು ಅವರಿಗೆ ನೆನಪಿದ್ದಂತೆ ಕಾಣಲಿಲ್ಲ.

ಮರುವರ್ಷದ ಬೇಸಿಗೆಯಲ್ಲಿ ಮೊಣಕಾಲು ನೋವಿನಿಂದ ಮೆಟ್ಟಿಲು ಹತ್ತುವುದಾಗದೆ ಅವರು ಬೆಳಗಾವಿಯ ತಂಗಿಯ ಮನೆಗೆ ಹೊರಟರು. ಟೆಂಪೊದವರು ಸಾಮಾನು ಏರಿಸುತ್ತಿದ್ದಾಗ ನಾವಿಬ್ಬರೂ ಕಟ್ಟೆಯ ಮೇಲೆ ಕೂತಿದ್ದೆವು.

“ಇಷ್ಟೆಲ್ಲಾ ಗೊತ್ತಿದ್ದವರು ಕಡೀತನಕ ಕಾರಕೂನ ಆಗೇ ಯಾಕ ಉಳದ್ರಿ?” ಎಂದು ಕೇಳಿದೆ.

“ಆಫೀಸರ್ ಆಗ್ತೀರೇನ್ರಿ ಅಂತ ಸಾಹೇಬ್ರು ಕೇಳಿದ್ರಪಾ ಒಮ್ಮೆ. ನನಗೆಲ್ಲಿ ಆಗ್ತದ್ರಿ ಅಂದೆ.” ನೀಲಕ್ಕ ಟೆಂಪೊದ ಹಗ್ಗವನ್ನೇ ನೋಡುತ್ತಿದ್ದರು. “ಸಂಜೀಕ ಗೇಟಿನಾಗ ನಿಂತೆ, ಹೋಗೂಮುಂದ ಇನ್ನೊಮ್ಮೆ ಕೇಳ್ತಾರಂತ. ಕಾರ್ ಹಂಗ ಹೋತು. ಆ ಜಾಗಕ್ಕ ಹೊಸಾ ಹುಡುಗ ಒಬ್ಬಾಂವ ಬಂದ. ಅವಂಗ ಕೆಲಸಾ ಕಲಿಸಿದಾಕಿ ನಾನ.”

ನನಗೆ ರೇಗಿಹೋಯಿತು. ಅವರ ಮೇಲೋ ಆ ಸಾಹೇಬರ ಮೇಲೋ ತಿಳಿಯಲಿಲ್ಲ. “ಇದನ್ನ ಮೊದಲ ಹೇಳಬಾರದಿತ್ತೇನ್ರಿ ನನಗ?”

“ನೀ ಎಲ್ಲಿ ಕೇಳಿದಿ? ಬರೇ ನಿಂದ ಹೇಳಾಕತ್ತಿದ್ದಿ.”

ಟೆಂಪೊ ಹೊರಟಿತು. ಕೇಳುವುದು ಇನ್ನೂ ಬಹಳ ಇತ್ತು. ದಸರೆಯ ರಜೆಯಲ್ಲಿ ಬೆಳಗಾವಿಗೆ ಹೋಗಿ, ಸಾವಕಾಶ ಕೂತು ಕೇಳಿದರಾಯಿತು ಎಂದುಕೊಂಡೆ. ಶ್ರಾವಣದಲ್ಲೇ ಅವರ ತಂಗಿಯ ಫೋನು ಬಂತು.