ಗಟ್ಟಿ ಪ್ಲೇಟು

ಜೀಪಿನ ಹಿಂದಿನ ಪ್ಲೇಟು ಮುರಿದದ್ದು ನಾನು ಓಡಿಸುತ್ತಿದ್ದಾಗ. ಹಂಪಾಪುರದಿಂದ ಬೂಸಾ ಮೂಟೆ ಹೇರಿಕೊಂಡು ಬರುತ್ತಿದ್ದೆ. ನಮ್ಮ ತೋಟದ ಮನೆಯ ಕಡೆ ತಿರುಗುವ ಮಣ್ಣು ದಾರಿಯಲ್ಲಿ ಮೊದಲ ಗುಂಡಿಗೆ ಇಳಿಯುತ್ತಿದ್ದಂತೆ ಹಿಂದುಗಡೆ ಲಟಕ್ಕೆಂದಿತು. ಇಳಿದು ಬಗ್ಗಿ ನೋಡಿದರೆ ಎಡಗಡೆಯ ಕಟ್ಟಿನಲ್ಲಿ ಎರಡು ಪ್ಲೇಟು ತುಂಡಾಗಿದ್ದವು. ಉಕ್ಕಿನ ಪಟ್ಟಿಗಳನ್ನು ಬಿಲ್ಲಿನ ಹಾಗೆ ಬಾಗಿಸಿ ಒಂದರ ಕೆಳಗೊಂದು ಸೇರಿಸಿ ಬಿಗಿದಿರುತ್ತಾರಲ್ಲ, ಅದಕ್ಕೆ ನಮ್ಮ ಕಡೆ ಪ್ಲೇಟು ಎನ್ನುತ್ತಾರೆ. ಗಾಡಿಯ ಭಾರ ಹೊರುವುದೂ ಅದೇ, ಗುಂಡಿಯ ಏಟು ತಿನ್ನುವುದೂ ಅದೇ. ಅದು ತಿನ್ನದಿದ್ದರೆ ಗಾಡಿಯೊಳಗೆ ಕೂತವರು ತಿನ್ನಬೇಕು.

ಜೀಪು ನನ್ನ ಅಪ್ಪನದು. ಕೆ.ಆರ್. ನಗರದ ಕಡೆ, ನಾಲೆ ಏರಿಯ ಮೇಲೆ ನನಗೆ ಓಡಿಸುವುದನ್ನು ಕಲಿಸಿದವರು ಅವರೇ. ಅವರು ಹೋದ ಮೇಲೆ ಅಣ್ಣಂದಿರಿಗೆ ಹಳೆಯ ಗಾಡಿ ಬೇಡವಾಯಿತು, ನಮ್ಮ ಮನೆಗೆ ಬಂತು. ನನ್ನ ಗಂಡನ ಕೆಲಸ ಹುಣಸೂರಿನ ಒಂದು ಕಚೇರಿಯಲ್ಲಿ. ಬೆಳಗ್ಗೆ ಬೈಕು ಹತ್ತಿ ಹೋದರೆ ಸಂಜೆಗೆ ಬರುವುದು. ಸೋಮವಾರದಿಂದ ಶನಿವಾರದವರೆಗೆ ಜೀಪು ನನ್ನ ಕೈಯಲ್ಲೇ. ನಮ್ಮದೂ ಪಕ್ಕದ ಮೂರು ತೋಟದ ಮನೆಗಳದೂ ಹಾಲನ್ನು ಡೇರಿಗೆ ಮುಟ್ಟಿಸಬೇಕು, ಮಕ್ಕಳನ್ನು ಬಸ್ ಸ್ಟಾಪಿಗೆ ಬಿಡಬೇಕು, ಶುಂಠಿ ಕೀಳುವ ಹೆಂಗಸರನ್ನು ಕರೆತಂದು ಮತ್ತೆ ಕಾಡಂಚಿನ ಅವರ ಹಾಡಿಗೆ ಬಿಟ್ಟು ಬರಬೇಕು. ಭಾನುವಾರ ಮಾತ್ರ ಅದು ನನ್ನ ಗಂಡನದು. ಸ್ನೇಹಿತರ ಜೊತೆ ಪಿರಿಯಾಪಟ್ಟಣದ ಕಡೆ ಹೋಗಿ ಕೆಸರು, ಬಂಡೆ, ದಿಬ್ಬ ಅಂತ ಹತ್ತಿಸಿ ಇಳಿಸಿ, ಸಂಜೆ ಬಾಗಿಲವರೆಗೂ ಕೆಸರು ಮೆತ್ತಿಕೊಂಡು ಬರುತ್ತಿದ್ದರು. ಸೋಮವಾರ ಬೆಳಗ್ಗೆ ಹಾಲಿನ ಕ್ಯಾನು ಇಡುವ ಮೊದಲು ತೊಳೆಯುವವಳು ನಾನು.

ಪ್ಲೇಟು ಮುರಿದ ವಾರ ನಮ್ಮ ಜಗಲಿಯ ಮೇಲೆ ದೊಡ್ಡ ಪಂಚಾಯಿತಿಯೇ ನಡೆಯಿತು. ಇವರ ಮೂವರು ಸ್ನೇಹಿತರು ಬಂದಿದ್ದರು. ಒಬ್ಬರು ಕೊಯಮತ್ತೂರಿನಿಂದ ತರಿಸುವ ಎತ್ತರದ ಕಟ್ಟು ಹಾಕಿಸು ಎಂದರು, ಗಾಡಿ ಮೂರು ಇಂಚು ಮೇಲೇಳುತ್ತದಂತೆ. ಇನ್ನೊಬ್ಬರು ಅದಕ್ಕೇ ಎರಡು ಪ್ಲೇಟು ಹೆಚ್ಚಿಗೆ ಸೇರಿಸು, ಬಂಡೆ ಮೇಲಿಂದ ಬಿದ್ದರೂ ಜಗ್ಗುವುದಿಲ್ಲ ಎಂದರು. ಮೊಬೈಲಿನಲ್ಲಿ ವಿಡಿಯೋಗಳು ಕೈಯಿಂದ ಕೈಗೆ ಹೋಗುತ್ತಿದ್ದವು. ನಾನು ಟೀ ತಂದಿಟ್ಟು ಅಲ್ಲೇ ನಿಂತೆ.

"ಹಳೇ ಪ್ಲೇಟ್‌ಗೇ ಬಾಗು ಕೊಡ್ಸಿ, ಮುರುದಿರೋ ಎರಡು ಮಾತ್ರ ಹೊಸಾವು ಹಾಕ್ಸುದ್ರೆ ಸಾಕಲ್ವಾ? ಗಟ್ಟಿ ಮಾಡುದ್ರೆ ಖಾಲಿ ಗಾಡಿ ಎಗರ್ತದೆ," ಎಂದೆ.

ಒಂದು ಗಳಿಗೆ ಎಲ್ಲರೂ ನನ್ನ ಕಡೆ ನೋಡಿದರು.

"ಅತ್ತಿಗೆ, ನಂಗೆ ಒಂಚೂರು ಸಕ್ಕರೆ ಕಮ್ಮಿ ಆಗದೆ," ಎಂದರು ಅವರಲ್ಲೊಬ್ಬರು. ನಾನು ಸಕ್ಕರೆ ತರಲು ಒಳಗೆ ಹೋದೆ. ಬರುವಷ್ಟರಲ್ಲಿ ನಾಲ್ಕೂ ಕಡೆ ಎತ್ತರದ ಕಟ್ಟು, ಮೇಲೆ ಎರಡು ಪ್ಲೇಟು ಎಂದು ತೀರ್ಮಾನವಾಗಿತ್ತು.

ಹುಣಸೂರಿನ ಗ್ಯಾರೇಜಿಗೆ ನಾನೂ ಹೋಗಿದ್ದೆ. ಅಲ್ಲಿನ ಮೇಸ್ತ್ರಿ ವಯಸ್ಸಾದವರು, ಕೆಲಸ ಬಲ್ಲವರು. ಹೊಸ ಕಟ್ಟನ್ನು ಕಾಲಲ್ಲಿ ಒತ್ತಿ ನೋಡಿ, "ಇದು ಬಲು ಗಟ್ಟಿ ಆಯ್ತದೆ ಸಾರ್. ದಿನಾ ಗಾಡಿ ಓಡ್ಸೋದು ಯಾರು?" ಎಂದು ಕೇಳಿದರು.

"ನಾನೇ ಕಣಣ್ಣ. ಇವ್ಳು ಯಾವಾಗ್ಲಾದ್ರೂ ಡೇರಿಗಂಟ ತಕ್ಕೊಂಡೋಯ್ತಾಳೆ, ಅಷ್ಟೆ," ಎಂದರು ನನ್ನ ಗಂಡ.

ಸುಳ್ಳು ಹೇಳುತ್ತಿದ್ದೇನೆಂದು ಅವರಿಗೆ ಅನ್ನಿಸಿರಲಿಕ್ಕಿಲ್ಲ. ಹಾಗೆಂದೇ ನಂಬಿದ್ದರು. ನಾನು ಬಾಯಿ ಬಿಡಬೇಕಾಗಿತ್ತು, ಬಿಡಲಿಲ್ಲ. ಆ ದಿನ ನನಗೆ ನನ್ನ ಮೇಲೇ ಬಂದ ಸಿಟ್ಟು ಇನ್ನೂ ಪೂರ್ತಿ ಹೋಗಿಲ್ಲ.

ಹೊಸ ಪ್ಲೇಟಿನ ಜೀಪು ನೋಡಲು ಚೆನ್ನಾಗಿತ್ತು, ಇಲ್ಲವೆನ್ನುವುದಿಲ್ಲ. ಆದರೆ ಶುಂಠಿ ಕೀಳುವ ಹೆಂಗಸರು ಸೀರೆ ಎತ್ತಿ ಕಟ್ಟಿ, ಒಬ್ಬರನ್ನೊಬ್ಬರು ತಳ್ಳಿ ಹತ್ತಬೇಕಾಯಿತು. ಗುಂಡಿಗೆ ಇಳಿದಾಗಲೆಲ್ಲ ಕ್ಯಾನಿನ ಮುಚ್ಚಳ ಎಗರಿ ಹಾಲು ಚೆಲ್ಲುತ್ತಿತ್ತು. ನನ್ನ ಸೊಂಟದಲ್ಲಿ ಶುರುವಾದ ನೋವು ಎಡಗಾಲಿನ ಹೆಬ್ಬೆರಳವರೆಗೂ ಇಳಿಯಿತು. ಇವರಿಗೆ ಹೇಳಿದೆ. "ಹೊಸದಲ್ವಾ, ಸ್ವಲ್ಪ ದಿನ ಓಡ್ಲಿ, ಪಳಗ್ತದೆ ಬುಡು," ಎಂದರು.

ಅಷ್ಟರಲ್ಲಿ ಅತ್ತೆ ಕೊಟ್ಟಿಗೆಯಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಮೈಸೂರಿನಲ್ಲಿ ಆಪರೇಷನ್ ಆಯಿತು. ಮನೆಗೆ ಬಂದ ಮೇಲೆ ವಾರಕ್ಕೆರಡು ಸಲ ನಮ್ಮ ತಾಲ್ಲೂಕು ಕೇಂದ್ರವಾದ ಕೋಟೆಯ ಆಸ್ಪತ್ರೆಗೆ ತೋರಿಸಬೇಕಿತ್ತು. ಮಳೆಗಾಲದಲ್ಲಿ ನಮ್ಮ ದಾರಿಗೆ ಕಾರು, ಆಟೋ ಯಾವುದೂ ಬರುವುದಿಲ್ಲ. ಹಿಂದಿನ ಸೀಟಿಗೆ ಹಾಸಿಗೆ ಹಾಸಿ, ಅವರನ್ನು ಕುರ್ಚಿಯ ಸಮೇತ ಎತ್ತಿ ಜೀಪಿಗೆ ಹತ್ತಿಸಿದೆವು. ನಾನು ನಡಿಗೆಯ ವೇಗದಲ್ಲೇ ಓಡಿಸಿದೆ. ಆದರೂ ಪ್ರತಿ ಗುಂಡಿಗೂ ಅವರು ಸೆರಗನ್ನು ಬಾಯಿಗೆ ತುರುಕಿಕೊಂಡು ನರಳುತ್ತಿದ್ದರು. ಅರ್ಧ ದಾರಿಯಲ್ಲಿ ಅವರಿಗೆ ತಡೆಯಲಾಗಲಿಲ್ಲ.

"ಬೇಕೂಂತ್ಲೇ ಗುಂಡಿಗೆ ಇಳುಸ್ತಿದ್ದೀಯಾ? ನಾನೇನ್ ಮಾಡಿದ್ನವ್ವಾ ನಿಂಗೆ?"

ನಾನು ಗಾಡಿ ನಿಲ್ಲಿಸಿದೆ. "ಪ್ಲೇಟು ಗಟ್ಟಿ ಆಗದೆ ಅತ್ತೆ. ನಿಮ್ ಮಗ ಹಾಕ್ಸಿರೋದು. ನನ್ ಕೈಲಿ ಏನದೆ?"

"ಅವ್ನು ಹಾಕ್ಸಿದ್ರೆ ಒಳ್ಳೇದ್ಕೇ ಹಾಕ್ಸಿರ್ತಾನೆ. ನೀನು ನೆಟ್ಟಗೆ ಓಡ್ಸು."

ಅವರ ಕಣ್ಣಲ್ಲಿ ನೀರು ಸುರಿಯುತ್ತಿತ್ತು. ಆ ನೋವಿನಲ್ಲೂ ಮಗನ ಪರ. ನನಗೆ ಒಳಗೊಳಗೇ ಒಂದು ಕೆಟ್ಟ ಯೋಚನೆ ಬಂತು: ಇನ್ನೊಂದು ಗುಂಡಿಗೆ ನಿಜವಾಗಿಯೂ ಬೇಕೆಂದೇ ಇಳಿಸಿಬಿಡಲೇ ಎಂದು. ಇಳಿಸಲಿಲ್ಲ. ಆದರೆ ಹಾಗೆ ಅನ್ನಿಸಿದ್ದು ನಿಜ, ಬರೆಯುತ್ತಿದ್ದೇನೆ.

ಮರುದಿನ ಒಬ್ಬಳೇ ಹುಣಸೂರಿಗೆ ಹೋದೆ. ಸೇರಿಸಿದ ಪ್ಲೇಟು ತೆಗೆದುಬಿಡಿ ಎಂದು ಮೇಸ್ತ್ರಿಗೆ ಹೇಳಿದೆ.

"ಸಾರ್‌ಗೆ ಒಂದು ಮಾತು ಕೇಳ್ಬುಡ್ತೀನಿ ಅಕ್ಕಾ, ಬೇಜಾರು ಮಾಡ್ಕೋಬ್ಯಾಡಿ," ಎಂದು ಅವರು ಫೋನು ಹಚ್ಚಿದರು. ಕೈಯೆಲ್ಲ ಗ್ರೀಸು, ಹಾಗಾಗಿ ಸ್ಪೀಕರ್ ಹಾಕಿ ಟೂಲ್ ಪೆಟ್ಟಿಗೆಯ ಮೇಲಿಟ್ಟರು. ನನ್ನ ಗಂಡ ನಗುತ್ತಿದ್ದದ್ದು ಇಡೀ ಗ್ಯಾರೇಜಿಗೆ ಕೇಳಿಸಿತು.

"ಅವ್ಳಿಗೇನ್ ಗೊತ್ತಣ್ಣ ಪ್ಲೇಟ್ ಬಗ್ಗೆ! ಟೀ ಕುಡ್ಸಿ ಕಳುಸ್ಬುಡು."

ಮೇಸ್ತ್ರಿ ತಲೆ ತಗ್ಗಿಸಿದರು. ಟೀ ತರಿಸಿದರು ಕೂಡ. ನಾನು ಕುಡಿಯದೆ ಹೊರಟೆ.

ಕೋಟೆಯ ಹೊರಗೆ, ಟ್ರ್ಯಾಕ್ಟರ್ ಟ್ರೈಲರುಗಳಿಗೆ ಪ್ಲೇಟು ಕಟ್ಟುವ ಒಬ್ಬಾತನಿದ್ದಾನೆ. ತಗಡಿನ ಶೆಡ್ಡು, ಒಂದು ಕುಲುಮೆ. ಅಲ್ಲಿ ನಿಲ್ಲಿಸಿದೆ. ಆತ ಜೀಪಿನ ಕೆಳಗೆ ತೂರಿ ನೋಡಿ ಹೊರಗೆ ಬಂದು ಕೇಳಿದ: "ಏನ್ ಹೇರ್ತೀಯವ್ವ? ಯಾರ್ ಕೂರ್ತರೆ? ಯಾವ್ ದಾರಿ?"

ಎಲ್ಲ ಹೇಳಿದೆ. ಹಾಲು, ಮೂಟೆ, ಹೆಂಗಸರು, ಅತ್ತೆಯ ಸೊಂಟ, ನನ್ನ ಸೊಂಟ. ಹೇಳುತ್ತಾ ಹೇಳುತ್ತಾ ಸೆರಗಿನಿಂದ ಕಣ್ಣು ಒರೆಸಿಕೊಂಡೆ. ಆತ ಮುಖ ಬೇರೆ ಕಡೆ ತಿರುಗಿಸಿ ಸ್ಪ್ಯಾನರ್ ಹುಡುಕಿದ. ಮಧ್ಯಾಹ್ನದೊಳಗೆ ನಾಲ್ಕೂ ಕಡೆ ಹೆಚ್ಚಿನ ಪ್ಲೇಟು ತೆಗೆದು, ಬಾಗು ಸ್ವಲ್ಪ ಇಳಿಸಿ ಕಟ್ಟಿಕೊಟ್ಟ. ಮನೆಗೆ ಬರುವಾಗ ಅದೇ ದಾರಿ, ಅವೇ ಗುಂಡಿ, ಆದರೆ ಸ್ಟೀರಿಂಗು ಕೈಗೆ ಒದೆಯಲಿಲ್ಲ.

ಆ ವಾರ ಮತ್ತೆ ಆಸ್ಪತ್ರೆಗೆ ಹೋಗುವಾಗ ಅತ್ತೆ ಜೀಪಿನಲ್ಲೇ ನಿದ್ದೆ ಹೋದರು. ಇಳಿಸುವಾಗ, "ಇವತ್ತು ಹುಷಾರಾಗಿ ಓಡ್ಸುದೆ ನೋಡು. ಮನ್ಸು ಮಾಡುದ್ರೆ ಆಯ್ತದೆ," ಎಂದರು.

ಭಾನುವಾರ ಪಿರಿಯಾಪಟ್ಟಣದ ಹತ್ತಿರ ಜೀಪಿನ ಹೊಟ್ಟೆ ಬಂಡೆಗೆ ಕೂತುಬಿಟ್ಟಿತು. ಸ್ನೇಹಿತರು ಹಗ್ಗ ಕಟ್ಟಿ ಎಳೆದರು, ಎಳೆಯುವುದನ್ನು ವಿಡಿಯೋ ಮಾಡಿ ಗ್ರೂಪಿಗೂ ಹಾಕಿದರು. ಇವರು ಮನೆಗೆ ಬಂದವರು ಚಪ್ಪಲಿ ಕೂಡ ಬಿಡದೆ ಅಡಿಗೆಮನೆಗೆ ನುಗ್ಗಿದರು.

"ಯಾರ್ನ ಕೇಳಿ ಪ್ಲೇಟು ತೆಗುಸ್ದೆ?"

"ಯಾರ್ನ ಕೇಳ್ಬೇಕಿತ್ತು? ವಾರದಲ್ಲಿ ಆರು ದಿನ ಓಡ್ಸೋಳು ನಾನು. ನಿಮ್ಮವ್ವನ್ನ ಕೇಳಿ, ಗಟ್ಟಿ ಪ್ಲೇಟಲ್ಲಿ ಕುಂತು ಹೆಂಗ್ ಅತ್ರು ಅಂತ."

ಅವರು ನಿಜವಾಗಿಯೂ ಕೋಣೆಯ ಕಡೆ ತಿರುಗಿ ನೋಡಿದರು. ಅತ್ತೆಗೆ ಎಲ್ಲ ಕೇಳಿಸಿತ್ತು. ಒಳಗಿನಿಂದಲೇ, "ಗಂಡಸ್ರು ಮಾಡ್ಸಿರೋದ್ನ ಮುಟ್ಟಕ್ಕೆ ಹೋಗ್ಬಾರ್ದು ಕಣವ್ವ," ಎಂದರು.

ಮುಂದಿನ ಶನಿವಾರ ಪ್ಲೇಟು ಮತ್ತೆ ಸೇರಿತು. ಜೊತೆಗೆ ಇವರು ನನಗೊಂದು ಸ್ಪಂಜಿನ ದಿಂಬು ತಂದುಕೊಟ್ಟರು. ನೀಲಿ ಬಣ್ಣದ್ದು. "ಇದ್ರ ಮ್ಯಾಲೆ ಕುಂತ್ಕೋ, ಏನೂ ಆಗಾಕಿಲ್ಲ." ನಾಲ್ಕು ದಿನ ಹಠ ಹಿಡಿದು ಕೀ ಮುಟ್ಟಲಿಲ್ಲ. ಐದನೆಯ ದಿನ ಪಕ್ಕದ ತೋಟದವಳು ತಲೆಯ ಮೇಲೆ ಕ್ಯಾನು ಹೊತ್ತು ಕೆಸರಿನಲ್ಲಿ ಡೇರಿಗೆ ನಡೆಯುವುದನ್ನು ನೋಡಿ ಕೀ ತೆಗೆದುಕೊಂಡೆ. ಅವಳದೇನು ತಪ್ಪು?

ದೀಪಾವಳಿ ಕಳೆದ ಮೇಲೆ ಒಂದು ಬೆಳಗ್ಗೆ ಕ್ಲಚ್ ತುಳಿಯಲು ಕಾಲೇ ಬರಲಿಲ್ಲ. ಡಾಕ್ಟರು ಸ್ಕ್ಯಾನ್ ಮಾಡಿಸಿ ನೋಡಿ, ಬೆನ್ನಿನ ಡಿಸ್ಕ್ ಜರುಗಿದೆ, ಆರು ತಿಂಗಳು ಗಾಡಿ ಓಡಿಸಲೇಬಾರದು ಎಂದರು. ಇವರು ನಿಜಕ್ಕೂ ಗಾಬರಿಯಾದರು. ರಾತ್ರಿ ಬಿಸಿನೀರಿನ ಚೀಲ ತುಂಬಿಸಿ ಕೊಟ್ಟರು. ಕೆಟ್ಟವರೇನಲ್ಲ, ಅದೇ ಕಷ್ಟ.

ಹಾಲು ಸಾಗಿಸಲು ಬೇಗೂರಿನ ಕಡೆಯ ಒಬ್ಬ ಡ್ರೈವರನ್ನು ಗೊತ್ತುಮಾಡಿದರು. ಬಹಳ ವರ್ಷ ಲಾರಿ ಓಡಿಸಿದವನು. ಮೂರನೆಯ ದಿನ ಸಂಜೆ ಅವನು ಜಗಲಿಯ ಹತ್ತಿರ ನಿಂತು ನನ್ನ ಗಂಡನಿಗೆ ಹೇಳುತ್ತಿದ್ದದ್ದು ಮಲಗಿದ್ದ ನನಗೆ ಕಿಟಕಿಯಿಂದ ಕೇಳಿಸಿತು.

"ಪ್ಲೇಟು ಬಲು ಗಟ್ಟಿ ಸಾರ್. ಖಾಲಿ ಗಾಡಿ ಒದೀತದೆ. ಎರಡು ತೆಗುಸ್ಬುಡಿ, ಇಲ್ದಿದ್ರೆ ನನ್ ಸೊಂಟ ಉಳ್ಯಾಕಿಲ್ಲ."

"ಔದಾ? ನಂಗೂ ಯಾಕೋ ಹಂಗೇ ಅನ್ನುಸ್ತಿತ್ತು ಕಣಯ್ಯ. ನಾಳೇನೇ ತೆಗುಸ್ಕೊಂಡು ಬಂದ್ಬುಡು," ಎಂದರು ಇವರು.

ಮರುದಿನವೇ ತೆಗೆಸಿದರು. ಈಗ ಜೀಪು ಮೆತ್ತಗೆ ಓಡುತ್ತದಂತೆ. ಅತ್ತೆ ಆ ಡ್ರೈವರನ್ನು ಬಂದವರೆದುರೆಲ್ಲ ಹೊಗಳುತ್ತಾರೆ, ಅವನ ಕೈ ಬಹಳ ಹದವಂತೆ. ಆರು ತಿಂಗಳು ತುಂಬಿ ಎಷ್ಟೋ ದಿನವಾಯಿತು. ಕೀ ಕೊಡಲೇ ಎಂದು ಇವರು ಎರಡು ಸಲ ಕೇಳಿದರು. ಬೇಡ ಎಂದೆ.