ಎರಡು ಸಲ ಅಳೆಯುವ ದಿನಗಳು

ಚೆನ್ನೈನ ಅಂಬತ್ತೂರಿನ ಕಾರ್ಖಾನೆಯಲ್ಲಿ ನನ್ನ ತಪಾಸಣೆ ವಿಭಾಗಕ್ಕೆ ನಾನೇ ಒಂದು ನಿಯಮ ಮಾಡಿದ್ದೆ: ಕೋಪದಲ್ಲಿರುವವರು ಅಳತೆಯ ಗೇಜ್ ಮುಟ್ಟಬಾರದು. ಒಂದು ಬೆಳಿಗ್ಗೆ ಪ್ರೊಡಕ್ಷನ್ ಸೂಪರ್‌ವೈಸರ್ ಸೆಲ್ವಂ ಆ ನಿಯಮವನ್ನೇ ಹಿಡಿದುಕೊಂಡು ಬಂದರು. ನಮ್ಮ ಇನ್‌ಸ್ಪೆಕ್ಟರ್ ವಸುಧಾ, ಸೆಲ್ವಂ ಕಡೆಯಿಂದ ಬಂದ ಒಂದು ಲಾಟ್ ಶಾಫ್ಟ್‌ಗಳನ್ನು ರಿಜೆಕ್ಟ್ ಮಾಡಿದ್ದರು. ಸಂಜೆ ಲಾರಿ ಹೊರಡಬೇಕಿತ್ತು.

"ಮೇಡಂಗೆ ಇವತ್ತು ಮೂಡ್ ಸರಿಯಿಲ್ಲ ಸಾರ್, ಎಲ್ಲರ ಮೇಲೂ ಎಗರಾಡ್ತಿದಾರೆ. ಬೇರೆಯವರ ಕೈಲಿ ಅಳೆಸಿ."

ನಿಯಮ ಎಂದರೆ ನಿಯಮ. ವಸುಧಾರನ್ನು ಕರೆದು ಕೇಳಿದೆ. ಪೆರಂಬೂರಿನ ರೈಲ್ವೆ ಕ್ವಾರ್ಟರ್ಸ್‌ನಲ್ಲಿ ಬೆಳೆದ ಕನ್ನಡದವರು ಅವರು, ಮಾತು ನೇರ.

"ಕೋಪ ಇರೋದು ನಿಜ ಸಾರ್. ಪೀರಿಯಡ್ಸ್‌ಗೆ ಮುಂಚೆ ಕೆಲವು ದಿನ ಹೀಗೇ. ತಲೆನೋವು, ನಿದ್ದೆ ಬರಲ್ಲ, ಯಾರು ಮಾತಾಡಿಸಿದ್ರೂ ಸಿಡುಕು. ಅದು ಗೊತ್ತಿದ್ದೇ ಆ ದಿನಗಳಲ್ಲಿ ಕಾಫಿ ಕಡಿಮೆ ಮಾಡ್ತೀನಿ, ಪ್ರತಿ ಪೀಸನ್ನೂ ಎರಡು ಸಲ ಅಳೀತೀನಿ. ಬೇಕಾದ್ರೆ ನೀವೇ ನೋಡಿ."

ನೋಡಿದೆ. ಶಾಫ್ಟ್‌ಗಳ ದಪ್ಪ ಅಳತೆ ಮೀರಿತ್ತು. ಸೆಲ್ವಂ ಮುಖ ಊದಿಸಿಕೊಂಡು ಲಾಟನ್ನು ವಾಪಸ್ ಒಯ್ದರು.

"ಹಾಗಾದರೆ ನಿಯಮ ತಿದ್ದೋಣ," ಎಂದೆ. "ಕೋಪದಲ್ಲಿರುವವರು ಎರಡು ಸಲ ಅಳೆಯಬೇಕು."

"ಎಲ್ಲರಿಗೂನಾ ಸಾರ್?"

"ಎಲ್ಲರಿಗೂ."

ವಸುಧಾ ಒಂದು ಗೇಜ್ ತಂದು ನನ್ನ ಮೇಜಿನ ಮೇಲಿಟ್ಟರು. "ನನ್ನ ಕೋಪಕ್ಕೆ ಕೆಲವೇ ದಿನ ಸಾರ್. ನಿಮ್ಮದು ತಿಂಗಳಿಡೀ ಇರುತ್ತಲ್ಲ, ಇಟ್ಕೊಳ್ಳಿ."

ಇಟ್ಟುಕೊಂಡೆ. ಅಂದಿನಿಂದ ನಾನು ಪ್ರತಿದಿನವೂ ಎರಡು ಸಲ ಅಳೆಯುತ್ತೇನೆ. ನಮ್ಮ ವಿಭಾಗದ ಮೇಲೆ ದೂರುಗಳಿಲ್ಲ.