ಹೂಂಗುಟ್ಟುವವರಿಗಾಗಿ ಕಾಯುವ ದನಿ

ಶನಿವಾರ, ಬೆಳಗಿನ ಆರೂವರೆ. ಬೆಂಗೇರಿಯ ಶಾಲೆಯೊಂದರ ವರಾಂಡದಲ್ಲಿ ಕುಳಿತು ಜಾಕೀರ ಆರು ಟ್ಯಾಬ್‌ಗಳ ಗಾಜನ್ನು ಹಳೆಯ ಲುಂಗಿಯ ತುಂಡಿನಿಂದ ಒರೆಸುತ್ತಿದ್ದಾರೆ. ಪಕ್ಕದಲ್ಲಿ ಹನ್ನೊಂದು ಚಿತ್ರಪಟಗಳು. ಬೀದರಿನ ಮದರಸಾದ ಪಟಕ್ಕೆ ಟ್ಯಾಬ್ ಹಿಡಿದರೆ, ಪರದೆಯಲ್ಲಿ ಆ ಕಟ್ಟಡ ಮೇಜಿನ ಮೇಲೆಯೇ ಎದ್ದು ನಿಲ್ಲುತ್ತದೆ. ಶತಮಾನಗಳ ಹಿಂದೆ ಉರುಳಿದ ಮಿನಾರೂ ನೀಲಿ ಬಿಲ್ಲೆಗಳ ಹೊಳಪಿನೊಡನೆ ಮರಳಿ ಏಳುತ್ತದೆ. ಈ ತಂತ್ರಕ್ಕೆ ಆಗ್ಮೆಂಟೆಡ್ ರಿಯಾಲಿಟಿ ಎಂಬ ಹೆಸರಿದೆ. ಮಕ್ಕಳು ಕರೆಯುವುದು ‘ಏಳೋ ಪಾಠ’.

ಧಾರವಾಡದ ಸಂಸ್ಥೆಯೊಂದರ ಪರವಾಗಿ ನಲವತ್ತೆರಡರ ಜಾಕೀರ ಅವಳಿ ನಗರದ ಹದಿನಾಲ್ಕು ಶಾಲೆಗಳಲ್ಲಿ ಇಸ್ಲಾಮಿನ ಇತಿಹಾಸ ಕಲಿಸುತ್ತಾರೆ. ದಿನಕ್ಕೆ ಮೂರು ತರಗತಿ, ಸುಮಾರು ನೂರಿಪ್ಪತ್ತು ಮಕ್ಕಳು. ಸ್ಕೂಟರಿನ ಹಿಂದೆ ಕಟ್ಟಿದ ಪೆಟ್ಟಿಗೆಯಲ್ಲಿ ಕುಲುಕಿ ಎರಡು ಟ್ಯಾಬ್ ಈಗಾಗಲೇ ಒಡೆದಿವೆ. ಇದು ಪರೀಕ್ಷೆಗೆ ಬರುತ್ತದೆಯೇ ಎಂದು ಮೂಗು ಮುರಿಯುವ ಮಾಸ್ತರರೂ ಇದ್ದಾರೆ. “ಅಂಥವರ ಕೈಯಾಗ ಟ್ಯಾಬ್ ಕೊಡ್ತೇನ್ರಿ. ಬೆಲ್ ಹೊಡದ್ರೂ ವಾಪಸ್ ಕೊಡಂಗಿಲ್ಲ,” ಎಂದು ಜಾಕೀರ ನಗುತ್ತಾರೆ.

ಪಾಠಗಳಲ್ಲಿ ಕಥೆ ಹೇಳುವ ದನಿ ಅವರ ತಂದೆ ಮಕಬೂಲಸಾಬರದು. ಹಗಲು ಹಮಾಲಿ, ಸಂಜೆ ದರ್ಗಾದ ಕಟ್ಟೆಯ ಮೇಲೆ ಬಗದಾದು, ಬೀದರು, ವಿಜಯಪುರಗಳ ಕಥೆ. ಈ ಸೀಮೆಯ ಕಥೆಗಾರರಲ್ಲಿ ಒಂದು ಕಟ್ಟಳೆಯಿದೆ: ಮಾತು ಮಾತಿಗೂ ಕೇಳುಗನೊಬ್ಬ ‘ಹೂಂ’ ಎನ್ನಬೇಕು, ಇಲ್ಲವಾದರೆ ಕಥೆ ಮುಂದೆ ಸಾಗದು. ಮೂರು ವರ್ಷಗಳ ಹಿಂದೆ ಧ್ವನಿಮುದ್ರಣದ ವೇಳೆಯೂ ಅವರು ಹಾಗೆಯೇ ನಿಂತು ನಿಂತು ಕಾದರು. ಮಗ ಸುಮ್ಮನಿದ್ದಾಗ ಗದರಿದರು.

“ಅಬ್ಬಾ ನಿಂತಲ್ಲೆಲ್ಲಾ ನಾ ಕತ್ತರಿಸಿ ಒಗದೇನ್ರಿ. ಪಾಠ ಮೂರು ನಿಮಿಷದಾಗ ಮುಗೀಬೇಕಿತ್ತು. ಕಂಪ್ಯೂಟರ್‌ನ್ಯಾಗ ಜಾಗಾ ಇಲ್ಲಂತ ಮೂಲಾನೂ ಅಳಿಸಿಬಿಟ್ಟೆ.”

ಕಳೆದ ಮಳೆಗಾಲದಲ್ಲಿ ತಂದೆ ತೀರಿಕೊಂಡರು. ಹತ್ತು ಪಾಠಗಳಲ್ಲಿ ಅವರೀಗ ಎಲ್ಲಿಯೂ ನಿಲ್ಲದೆ, ಯಾರಿಗೂ ಕಾಯದೆ, ಪರಕೀಯರಂತೆ ಮಾತನಾಡುತ್ತಾರೆ. ಅವಸರದಲ್ಲಿ ಕತ್ತರಿಯಿಂದ ತಪ್ಪಿಸಿಕೊಂಡದ್ದು ಬೀದರಿನ ಪಾಠ ಮಾತ್ರ.

ಸೋಮವಾರದಿಂದ ಆ ಪಾಠಕ್ಕೆ ಬೇರೊಬ್ಬರ ಹೊಸ ದನಿ ಬರಲಿದೆ. ಅದೊಂದನ್ನು ಬಿಡಿ ಎಂದು ಜಾಕೀರ ಎರಡು ಬಾರಿ ಕೇಳಿಕೊಂಡಿದ್ದಾರೆ. “ಜಾಕೀರಭಾಯಿ, ನಡುವ ನಡುವ ದನಿ ನಿಲ್ತದ. ಆ್ಯಪ್ ಕೆಟ್ಟದ ಅಂತ ದೂರು ಬರ್ತಾವ. ನಾ ಏನ್ ಮಾಡ್ಲಿ ಹೇಳ್ರಿ,” ಎನ್ನುತ್ತಾರೆ ಸಂಸ್ಥೆಯ ಸಂಯೋಜಕಿ ಸುಮೇಧಾ.

“ನಕಲು ಇಟ್ಕೊಂಡೇನ್ರಿ,” ಎನ್ನುತ್ತಾರೆ ಜಾಕೀರ. “ಆದ್ರ ಮನ್ಯಾಗ ಹೂಂ ಅನ್ನಾವ ನಾ ಒಬ್ಬನ.”

ಎಂಟು ಗಂಟೆಗೆ ತರಗತಿ. ಮಿನಾರು ಏಳುತ್ತದೆ. ಮಕಬೂಲಸಾಬರ ದನಿ ನಿಂತಲ್ಲೆಲ್ಲ ನಲವತ್ತು ಮಕ್ಕಳು ‘ಹೂಂ’ ಎನ್ನುತ್ತಾರೆ. ಕೊನೆಯಲ್ಲಿ ಆ ದನಿ ಗದರುತ್ತದೆ: “ಹೂಂ ಅನ್ನೋ ಜಾಕೀರ, ನಿದ್ದಿ ಬಂತೇನ?”

ತರಗತಿಯೇ ನಗುತ್ತದೆ. “ಸರ್, ನಿಮ್ಮ ಅಬ್ಬಾ ಕೇಳಾಕತ್ತಾರ. ಲಗೂ ಹೇಳ್ರಿ!” ಎಂದು ಮುಂದಿನ ಸಾಲಿನ ಸಾನ್ವಿ ಕೂಗುತ್ತಾಳೆ.

“ಹೂಂ ಅಬ್ಬಾ,” ಎನ್ನುತ್ತಾರೆ ಜಾಕೀರ.

ಮುಂದಿನ ಶಾಲೆಗೆ ಪೆಟ್ಟಿಗೆ ಕಟ್ಟುತ್ತಾ ಹೇಳುತ್ತಾರೆ: “ಹೊಸಾ ದನಿ ಛಲೋ ಐತ್ರಿ, ಎಲ್ಲೂ ನಿಲ್ಲಂಗಿಲ್ಲ. ಆದ್ರ ಹುಡುಗರಿಗೆ ರೂಢಿ ಬಿದ್ದೈತಲ್ರಿ. ಸೋಮವಾರ ಯಾರರ ಒಬ್ಬರು ಮರತು ಹೂಂ ಅಂದ್ರ, ಸಾಕು.”